ಅವರಿಗೆ ಬೇಕಿರುವುದು ಕೈ ಬದಲಾಗದ ಆರೈಕೆ

2017ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಬುದ್ಧಿಮಾಂದ್ಯ ಬಾಲಕರ ಸರ್ಕಾರಿ ಮಂದಿರದಲ್ಲಿ ಆಧಾರ್ ನೋಂದಣಿ ಶಿಬಿರ ನಡೆಯಿತು. ಕೆಲವು ಹುಡುಗರ ಅರ್ಜಿಗಳು ತಿರಸ್ಕೃತವಾದವು. ಏಕೆಂದು ನೋಡಿದರೆ ಅವರ ಬೆರಳಚ್ಚು ಬೇರೊಂದು ಊರಿನ ವಿಳಾಸದಲ್ಲಿ ಮೊದಲೇ ದಾಖಲಾಗಿತ್ತು. ಆ ಜಾಡು ಹಿಡಿದು ಹೋದಾಗ ಮೂವರು ಹುಡುಗರ ಮನೆ ಪತ್ತೆಯಾಯಿತು. ಅವರಲ್ಲೊಬ್ಬನ ಊರು ದೂರದ ಇಂದೋರ್. ಮನೆಯವರು ಅವನನ್ನು ಹುಡುಕುತ್ತಲೇ ಇದ್ದರು. ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹೇಳಲು ಬಾರದ ಮಗು ರೈಲು ಹತ್ತಿ ಇನ್ನೊಂದು ರಾಜ್ಯದಲ್ಲಿ ಇಳಿದುಬಿಟ್ಟರೆ ಸಾಕು, ಅಪ್ಪ ಅಮ್ಮ ಬದುಕಿದ್ದರೂ ಅದು ಅನಾಥ.

ಮಂದಿರಗಳಲ್ಲಿರುವ ಬುದ್ಧಿಮಾಂದ್ಯ ಮಕ್ಕಳನ್ನೆಲ್ಲ ನಾವು ಸಾರಾಸಗಟಾಗಿ ಅನಾಥರೆನ್ನುತ್ತೇವೆ. ನಿಜಕ್ಕೂ ತಂದೆ ತಾಯಿ ಇಬ್ಬರೂ ತೀರಿಹೋದವರು ಅವರಲ್ಲಿ ಕಡಿಮೆ. ಹುಟ್ಟಿದ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಬಿಟ್ಟುಹೋದ ಕೂಸುಗಳಿವೆ. ಜಾತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಕೈತಪ್ಪಿದವರಿದ್ದಾರೆ. ಗಂಡ ತೀರಿಕೊಂಡ ಮೇಲೆ ಕೂಲಿಗೆ ಹೋಗಲೇಬೇಕಾಗಿ ಬಂದು, ಮಗುವನ್ನು ಒಳಗಿಟ್ಟು ಬೀಗ ಹಾಕಿ ಹೋಗಲು ಮನಸ್ಸಾಗದ ತಾಯಿ ತಂದು ಒಪ್ಪಿಸಿದ ಮಕ್ಕಳಿದ್ದಾರೆ. ಅಜ್ಜಿ ಗಟ್ಟಿಯಾಗಿರುವಷ್ಟು ದಿನ ಅವಳ ಸೆರಗು ಹಿಡಿದು ಬೆಳೆದು, ಅವಳು ಹಾಸಿಗೆ ಹಿಡಿದ ಮೇಲೆ ಬಂದವರೂ ಇದ್ದಾರೆ. ಇವರೆಲ್ಲರೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗುತ್ತಾರೆ. 2015ರ ಬಾಲನ್ಯಾಯ ಕಾಯ್ದೆ ಅವರನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳೆಂದು ಕರೆಯುತ್ತದೆ. ಅಲ್ಲಿಂದ ಸರ್ಕಾರಿ ಮಂದಿರಕ್ಕೆ, ಇಲ್ಲವೇ ಯಾವುದಾದರೂ ಟ್ರಸ್ಟ್ ಅಥವಾ ಮಿಷನ್ ನಡೆಸುವ ಮನೆಗೆ. ಹುಟ್ಟಿದ ದಿನಾಂಕವನ್ನು ವೈದ್ಯರು ಅಂದಾಜು ಮಾಡುತ್ತಾರೆ, ಹೆಸರನ್ನು ಅಲ್ಲಿನ ಸಿಬ್ಬಂದಿ ಇಡುತ್ತಾರೆ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಸುಮಾರು 15 ಲಕ್ಷ ಮಂದಿಯನ್ನು ಬುದ್ಧಿಮಾಂದ್ಯರೆಂದು ಗುರುತಿಸಿತು. ಬಹುಪಾಲು ಜನ ತಮ್ಮ ಮನೆಗಳಲ್ಲೇ, ತಾಯಂದಿರ ಮಡಿಲಲ್ಲೇ ಇದ್ದಾರೆ. ಮಡಿಲು ತಪ್ಪಿದವರ ಪಾಲಿಗೆ ಸೇವಾಸಂಸ್ಥೆಗಳು ಏನು ಮಾಡುತ್ತಿವೆ, ಸರ್ಕಾರ ಏನು ಮಾಡುತ್ತಿದೆ, ಯಾವುದು ಫಲ ಕೊಟ್ಟಿದೆ, ಯಾವುದು ಕೆಟ್ಟಿದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ. ದೊಡ್ಡ ಮಂದಿರ, ಸಣ್ಣ ಮನೆ, ದತ್ತು, ಪೋಷಕ ಕುಟುಂಬ ಎಲ್ಲವನ್ನೂ ನಾನು ಅಳೆಯುವುದು ಒಂದೇ ಅಳತೆಗೋಲಿನಿಂದ: ಬೆಳಿಗ್ಗೆ ಮಗುವನ್ನು ಎಬ್ಬಿಸಿ ಹಲ್ಲುಜ್ಜಿಸುವ ಕೈ ವರ್ಷಗಟ್ಟಲೆ ಅದೇ ಕೈಯಾಗಿ ಉಳಿಯುತ್ತದೆಯೇ?

ಮಕ್ಕಳನ್ನು ಬಿಟ್ಟುಹೋಗುವವರು ಯಾರು ಎಂಬ ಪ್ರಶ್ನೆಗೆ ಚೀನಾದ ಗುವಾಂಗ್‌ಝೌ ನಗರದಿಂದ ಒಂದು ಉತ್ತರ ಸಿಕ್ಕಿದೆ. 2014ರ ಜನವರಿ ಕೊನೆಯಲ್ಲಿ ಅಲ್ಲಿನ ಮಕ್ಕಳ ಕಲ್ಯಾಣ ಕೇಂದ್ರ ಒಂದು ಸಣ್ಣ ಕೋಣೆ ತೆರೆಯಿತು. ಒಳಗೆ ತೊಟ್ಟಿಲು, ಬೆಚ್ಚಗಿನ ಪೆಟ್ಟಿಗೆ, ಒಂದು ಕರೆಗಂಟೆ. ಸಾಕಲಾರದವರು ಮಗುವನ್ನು ಬೀದಿಯಲ್ಲಿ ಬಿಡುವ ಬದಲು ಇಲ್ಲಿ ಮಲಗಿಸಿ ಗಂಟೆ ಒತ್ತಿ ಹೋಗಬಹುದಿತ್ತು. ಮಾರ್ಚ್ ಮಧ್ಯದಲ್ಲಿ ಕೋಣೆಯನ್ನು ಮುಚ್ಚಬೇಕಾಯಿತು. ಎರಡು ತಿಂಗಳು ತುಂಬುವ ಮೊದಲೇ 262 ಮಕ್ಕಳು ಬಂದಿದ್ದರು. ಅಷ್ಟೂ ಮಕ್ಕಳಿಗೆ ಕಾಯಿಲೆ ಅಥವಾ ವೈಕಲ್ಯ ಇತ್ತು: ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಹೃದಯದ ದೋಷ. ಆರೋಗ್ಯವಂತ ಮಗುವನ್ನು ಯಾರೂ ತಂದು ಮಲಗಿಸಲಿಲ್ಲ. ಆ ತಂದೆತಾಯಿಗಳು ಕಲ್ಲುಮನಸ್ಸಿನವರೆಂದು ನಾನು ನಂಬುವುದಿಲ್ಲ. ಚಿಕಿತ್ಸೆಯ ಖರ್ಚು ತಲೆಯ ಮೇಲೆ ಬಿದ್ದಾಗ ಹಿಂದೆ ಮುಂದೆ ಯಾರೂ ಇಲ್ಲದವರು ಅವರು. ನಮ್ಮಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಗುವ ಕೂಸುಗಳ ಹಿಂದೆಯೂ ಇದೇ ಕಥೆ ಇರುತ್ತದೆ.

ಹಾಗಾದರೆ ಮಗು ಅನಾಥವಾಗುವ ಮೊದಲೇ ಮಾಡುವ ಕೆಲಸಕ್ಕೆ ಬೆಲೆ ಹೆಚ್ಚು. ಕೇರಳದಲ್ಲಿ 2004ರಿಂದ ಸ್ಥಳೀಯ ಸಂಸ್ಥೆಗಳು ಮಹಿಳಾ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀ ಜೊತೆ ಸೇರಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ‘ಬಡ್ಸ್’ ಶಾಲೆಗಳನ್ನು ನಡೆಸುತ್ತಿವೆ. ಪಂಚಾಯಿತಿಯ ವಾಹನ ಬೆಳಿಗ್ಗೆ ಬಂದು ಮಗುವನ್ನು ಕರೆದೊಯ್ಯುತ್ತದೆ, ಸಂಜೆ ತಂದು ಬಿಡುತ್ತದೆ. ನಡುವಿನ ಹೊತ್ತು ತಾಯಿ ದುಡಿಯುತ್ತಾಳೆ. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಪೀಡಿತರಿಗಾಗಿ ತೆರೆದ ಪಾಲನಾ ಕೇಂದ್ರದ ಹಿಂದಿರುವುದೂ ಇದೇ ವಿಚಾರ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ ಮೂವತ್ತು ದಾಟಿದ ಮಗನನ್ನು ಇಂದಿಗೂ ಎತ್ತಿ ಮಲಗಿಸುವ ತಾಯಂದಿರಿದ್ದಾರೆ. ಅವರ ಬಾಯಲ್ಲಿ ಬರುವುದು ಒಂದೇ ಮಾತು: ನಾವು ಹೋದ ಮೇಲೆ ಇವನಿಗೆ ಯಾರು? ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನರ ಬಾಯಲ್ಲಿ ವಿಆರ್‌ಡಬ್ಲ್ಯು. ಅವರೂ ಅಂಗವಿಕಲರೇ ಆಗಿರುತ್ತಾರೆ, ಗೌರವಧನಕ್ಕೆ ದುಡಿಯುತ್ತಾರೆ. ಯಾವ ಮನೆಯಲ್ಲಿ ಯಾವ ತಾಯಿಗೆ ಕೈಸೋಲುತ್ತಿದೆ ಎಂಬುದು ಮೊದಲು ತಿಳಿಯುವುದು ಅವರಿಗೆ. ಆ ಹಂತದಲ್ಲೇ ಮಾಸಾಶನ, ಮೂರ್ಛೆಯ ಮಾತ್ರೆ, ಹಗಲು ಹೊತ್ತಿನ ಆರೈಕೆ ಮೂರೂ ಸಿಕ್ಕರೆ ಎಷ್ಟೋ ಮಕ್ಕಳು ಮಂದಿರದ ಬಾಗಿಲಿಗೆ ಬರುವುದೇ ಇಲ್ಲ.

ಮಂದಿರಕ್ಕೆ ಬಂದ ಮೇಲೆ ಏನಾಗುತ್ತದೆ? ಇದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಉತ್ತರ ಸಿಕ್ಕಿದ್ದು ರೊಮೇನಿಯಾದಲ್ಲಿ. ಜನಸಂಖ್ಯೆ ಹೆಚ್ಚಿಸುವ ಹಟದಿಂದ ಅಲ್ಲಿನ ಸರ್ವಾಧಿಕಾರಿ ಚಾವುಶೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಸಾಕಲಾರದವರ ಮಕ್ಕಳೆಲ್ಲ ಸರ್ಕಾರಿ ಮಂದಿರಗಳಿಗೆ ಬಂದು ತುಂಬಿದರು. 1989ರಲ್ಲಿ ಅವನ ಆಡಳಿತ ಕುಸಿದಾಗ ಅಂಥ ಮಕ್ಕಳ ಸಂಖ್ಯೆ ಲಕ್ಷ ದಾಟಿತ್ತು. ಮೂರು ವರ್ಷಕ್ಕೆ ಮಗುವನ್ನು ಪರೀಕ್ಷಿಸಿ, ಇದು ಸರಿಹೋಗದು ಎಂದು ತೀರ್ಮಾನವಾದರೆ ಅದನ್ನು ಬೇರೆಯೇ ಮಂದಿರಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ಮರಳಿ ಬಂದವರು ಕಡಿಮೆ.

2000ದ ಆಚೀಚೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳು ಬುಖಾರೆಸ್ಟ್‌ನ ಮಂದಿರಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಒಪ್ಪಿಸಿದರು. ಉಳಿದವರ ಆರೈಕೆ ಎಂದಿನಂತೆ ನಡೆಯಿತು. ಕೆಲವು ವರ್ಷಗಳ ನಂತರ ಅಳೆದಾಗ ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿಮಟ್ಟ ಮಂದಿರದಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮೇಲಿತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರದು ಇನ್ನೂ ಮೇಲು. ಮಂದಿರದಲ್ಲಿ ಊಟ, ಬಟ್ಟೆ, ಹಾಸಿಗೆ ಎಲ್ಲ ಇತ್ತು. ಕೊರತೆ ಇದ್ದದ್ದು ಒಂದಕ್ಕೇ: ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ, ಅತ್ತರೆ ಎತ್ತಿಕೊಳ್ಳುವ, ನಾಳೆಯೂ ಇರುವ ಒಬ್ಬ ದೊಡ್ಡವರು. ಮಕ್ಕಳನ್ನು ನೋಡಿಕೊಳ್ಳಲೆಂದು ಕಟ್ಟಿದ ಮಂದಿರವೇ ಅವರ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಆಮೇಲೆ ರೊಮೇನಿಯಾ ಎರಡು ವರ್ಷದೊಳಗಿನ ಮಕ್ಕಳನ್ನು ಮಂದಿರಕ್ಕೆ ಸೇರಿಸುವುದನ್ನೇ ಕಾನೂನಿನಿಂದ ತಡೆಯಿತು. ತೀವ್ರ ವೈಕಲ್ಯವಿದ್ದ ಮಕ್ಕಳನ್ನು ಮಾತ್ರ ಆ ನಿಯಮದಿಂದ ಹೊರಗಿಟ್ಟಿತು. ಯಾರಿಗೆ ಒಂದು ಮಡಿಲು ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತೋ ಅವರನ್ನೇ.

ಆರೈಕೆ ಎಂದರೇನೆಂದು ತಿಳಿಯಬೇಕಾದರೆ ಸೆರೆಬ್ರಲ್ ಪಾಲ್ಸಿ ಇರುವ ಐದು ವರ್ಷದ ಮಗುವಿಗೆ ಊಟ ಮಾಡಿಸುವುದನ್ನು ಹತ್ತಿರ ಕೂತು ನೋಡಬೇಕು. ಮಗುವಿನ ಮೈ ಒಮ್ಮೆ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತದೆ, ಒಮ್ಮೆ ಸಡಿಲವಾಗಿ ಜಾರುತ್ತದೆ. ಮೊದಲು ಸೊಂಟ ಮಡಿಸಿ ನೆಟ್ಟಗೆ ಕೂರಿಸಬೇಕು, ಪಾದಕ್ಕೆ ಆಸರೆ ಸಿಗಬೇಕು, ಗದ್ದ ತುಸು ಕೆಳಗೆ ಬಾಗಿರಬೇಕು. ಅನ್ನ ಸಾರು ನೀರಾಗಿರಬಾರದು, ಮುದ್ದೆಯಂತೆ ಗಟ್ಟಿಯೂ ಆಗಬಾರದು. ನುಣ್ಣಗೆ ಹಿಸುಕಿದ ಅನ್ನವನ್ನು ಚಿಕ್ಕ ಚಮಚದ ತುದಿಯಲ್ಲಿ ತೆಗೆದು, ನಾಲಗೆಯ ನಡುವೆ ಮೆಲ್ಲನೆ ಒತ್ತಿ, ತುಟಿ ಮುಚ್ಚುವ ತನಕ ಕಾಯಬೇಕು. ಅರ್ಧ ಹೊರಬರುತ್ತದೆ, ಅದನ್ನು ಒರೆಸಿ ಮತ್ತೆ ಕೊಡಬೇಕು. ನುಂಗಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ತುತ್ತು. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಬೇಕು. ಊಟವಾದ ಮೇಲೂ ಸ್ವಲ್ಪ ಹೊತ್ತು ಮಲಗಿಸುವಂತಿಲ್ಲ.

ಇಂಥ ಹತ್ತು ಮಕ್ಕಳಿಗೆ ಒಬ್ಬ ಆಯಾ ಇದ್ದರೆ? ಮಧ್ಯಾಹ್ನದ ಊಟವೊಂದಕ್ಕೇ ಏಳೆಂಟು ಗಂಟೆ ಬೇಕು. ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲವಾದ್ದರಿಂದ ಮಗುವನ್ನು ಅಂಗಾತ ಮಲಗಿಸಿ, ತೆಳ್ಳಗೆ ಕಲಸಿದ್ದನ್ನು ಬಾಯಿಗೆ ಸುರಿಯುತ್ತಾರೆ. ಅನ್ನ ಶ್ವಾಸನಾಳಕ್ಕೆ ಇಳಿಯುತ್ತದೆ, ಕೆಮ್ಮು ಬರುತ್ತದೆ, ಕೆಲವು ದಿನಕ್ಕೆ ನ್ಯುಮೋನಿಯಾ. ಇಲ್ಲವೇ ಮಗು ಅರೆಹೊಟ್ಟೆಯಲ್ಲಿ ಸೊರಗುತ್ತಾ ಹೋಗುತ್ತದೆ. ಮರಣದ ದಾಖಲೆಯಲ್ಲಿ ಶ್ವಾಸಕೋಶದ ಸೋಂಕು ಅಥವಾ ಅಪೌಷ್ಟಿಕತೆ ಎಂದು ಬರೆಯುತ್ತಾರೆ. ಮಂದಿರದ ಅಡುಗೆಮನೆಯಲ್ಲಿ ಅಕ್ಕಿಯ ಮೂಟೆ ತುಂಬಿಯೇ ಇರುತ್ತದೆ. ಆ ಆಯಾಳನ್ನು ದೂರಿ ಪ್ರಯೋಜನವಿಲ್ಲ. ಎರಡು ಕೈಗೆ ಆಗದ ಕೆಲಸವನ್ನು ಅವಳಿಗೆ ಒಪ್ಪಿಸಿದ್ದೇವೆ.

ಉಳಿದ ಕೆಲಸವೂ ಹೀಗೆಯೇ, ಮಗುವನ್ನು ಬಲ್ಲವರಿಗೆ ಮಾತ್ರ ಒಗ್ಗುವಂಥದು. ಈ ಮಕ್ಕಳಲ್ಲಿ ಮೂರ್ಛೆರೋಗ ಸಾಮಾನ್ಯ, ಮಾತ್ರೆ ಒಂದು ಹೊತ್ತು ತಪ್ಪಿದರೆ ಸೆಳೆತ ಮರುಕಳಿಸಬಹುದು. ಮಾತು ಬಾರದ ಹುಡುಗ ತಲೆಯನ್ನು ಗೋಡೆಗೆ ಚಚ್ಚಿಕೊಂಡರೆ ಹೊಸಬರು ಅದನ್ನು ಹಟವೆನ್ನುತ್ತಾರೆ, ಅವನನ್ನು ಬಲ್ಲ ಆಯಾ ಕಿವಿನೋವಿರಬೇಕೆಂದು ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಅಂಗಿ ಹಾಕಿಕೊಳ್ಳುವುದನ್ನು ಕಲಿಸುವಾಗ ವಿಶೇಷ ಶಿಕ್ಷಕರು ಕೊನೆಯ ಹಂತದಿಂದ ಶುರುಮಾಡುತ್ತಾರೆ. ತಲೆ ತೂರಿಸಿ ಎರಡೂ ತೋಳು ಹಾಕಿಸಿ, ಹೊಟ್ಟೆಯ ಮೇಲೆ ಅಂಗಿ ಎಳೆದುಕೊಳ್ಳುವುದೊಂದನ್ನು ಮಗುವಿಗೆ ಬಿಡುತ್ತಾರೆ. ಅದು ಬಂದ ಮೇಲೆ ಒಂದು ತೋಳು, ಆಮೇಲೆ ಇನ್ನೊಂದು ತೋಳು. ಹೀಗೆ ತಿಂಗಳುಗಳು ಉರುಳುತ್ತವೆ. ನಡುವೆ ಕಲಿಸುವವರು ಬದಲಾದರೆ ಎಷ್ಟೋ ಸಲ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಮೈನೆರೆದ ಹುಡುಗಿಗೆ ಮುಟ್ಟಿನ ದಿನಗಳನ್ನು ನಿಭಾಯಿಸಲು ಕಲಿಸುವುದಕ್ಕೆ ಇನ್ನೂ ಹೆಚ್ಚಿನ ತಾಳ್ಮೆ, ಇನ್ನೂ ಹೆಚ್ಚಿನ ನಂಬಿಕೆ ಬೇಕು.

ಆ ತಾಳ್ಮೆ ಇಲ್ಲದ ಕಡೆ ಏನು ನಡೆಯಿತೆಂಬುದು 1994ರ ಫೆಬ್ರುವರಿಯಲ್ಲಿ ದೇಶಕ್ಕೆ ತಿಳಿಯಿತು. ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಮಂದಿರದ ಬುದ್ಧಿಮಾಂದ್ಯ ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆತಂದು ಗರ್ಭಕೋಶ ತೆಗೆಸಿದರು. ಮುಟ್ಟಿನ ಶುಚಿತ್ವ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಶಸ್ತ್ರಚಿಕಿತ್ಸೆಗಳು ನಿಂತವು. ಅದೇ ಮಹಾರಾಷ್ಟ್ರದ ಶಹಾಪುರ ತಾಲ್ಲೂಕಿನ ಕವಡಾಸ್‌ನ ಮಂದಿರದಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ ಸತ್ತ ಸುದ್ದಿ 2010ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದರ ಬೆನ್ನಲ್ಲೇ ಪನ್ವೇಲ್ ಬಳಿಯ ಖಾಸಗಿ ಸಂಸ್ಥೆಯೊಂದರಲ್ಲಿ ಮಾತು ಬಾರದ, ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಮೇಲೆ ನಡೆದಿದ್ದ ದೌರ್ಜನ್ಯ ಹೊರಬಿತ್ತು. ಅದೂ ಸೇವೆಯ ಹೆಸರಿನ ಸಂಸ್ಥೆಯೇ. ದೆಹಲಿಯ ರೋಹಿಣಿಯಲ್ಲಿರುವ ಆಶಾ ಕಿರಣ್ ಸರ್ಕಾರಿ ಮಂದಿರದಲ್ಲಿ 2024ರ ಜುಲೈ ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ನಿವಾಸಿಗಳು ಸತ್ತರು. ಇರಬೇಕಾದ ಸಂಖ್ಯೆಗಿಂತ ಎಷ್ಟೋ ಹೆಚ್ಚು ಜನ ಅಲ್ಲಿ ತುಂಬಿದ್ದರು.

ಚಂಡೀಗಡದ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ನಾರಿ ನಿಕೇತನದಲ್ಲಿದ್ದ ಬುದ್ಧಿಮಾಂದ್ಯ ಅನಾಥ ಯುವತಿ ಆ ಮಂದಿರದೊಳಗೇ ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾದಳು. ಗರ್ಭಪಾತ ಮಾಡಿಸಬೇಕೆಂದು ಹೈಕೋರ್ಟ್ 2009ರ ಜುಲೈಯಲ್ಲಿ ಆದೇಶಿಸಿತು. ಆಕೆ ಮಾತ್ರ ಮಗು ಬೇಕೆಂದಿದ್ದಳು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಬುದ್ಧಿಮಾಂದ್ಯವೂ ಮಾನಸಿಕ ಕಾಯಿಲೆಯೂ ಒಂದೇ ಅಲ್ಲ, ವಯಸ್ಕಳಾದ ಆಕೆಯ ಒಪ್ಪಿಗೆ ಇಲ್ಲದೆ ಗರ್ಭ ತೆಗೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಹಿಂದೆ ಮುಂದೆ ಯಾರೂ ಇಲ್ಲದ ಬುದ್ಧಿಮಾಂದ್ಯ ಹೆಣ್ಣುಮಗಳೊಬ್ಬಳು ತನಗೇನು ಬೇಕೆಂದು ಹೇಳಿದ್ದನ್ನು ದೇಶದ ಅತ್ಯುನ್ನತ ನ್ಯಾಯಾಲಯ ಕಿವಿಗೊಟ್ಟು ಕೇಳಿತು. ಈ ತೀರ್ಪನ್ನು ಪ್ರತಿ ಮಂದಿರದ ಅಧೀಕ್ಷಕರೂ ಓದಬೇಕು.

ಈ ಪ್ರಕರಣಗಳ ಹಿಂದೆ ಮತ್ತೆ ಮತ್ತೆ ಕಾಣುವ ಸಮಾನ ಅಂಶಗಳಿವೆ. ಹೊರಗಿನವರು ನಿಯಮಿತವಾಗಿ ಬಂದುಹೋಗದ ಕಟ್ಟಡ, ಕಿಕ್ಕಿರಿದ ಕೋಣೆಗಳು, ಕಡಿಮೆ ಸಂಬಳಕ್ಕೆ ಬಂದು ಬೇಗ ಬಿಟ್ಟುಹೋಗುವ ಸಿಬ್ಬಂದಿ, ದೂರು ಹೇಳಲಾರದ ಮಕ್ಕಳು. ಸರ್ಕಾರ ನಡೆಸಿದರೂ ಸರಿ, ಖಾಸಗಿಯವರು ನಡೆಸಿದರೂ ಸರಿ, ಈ ನಾಲ್ಕೂ ಸೇರಿದ ಕಡೆ ಕೇಡು ತಪ್ಪಿದ್ದಲ್ಲ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೇಶದ ಇಂಥ ಸರ್ಕಾರಿ ಸಂಸ್ಥೆಗಳ ಸ್ಥಿತಿಗತಿ ಪರಿಶೀಲಿಸುವ ಕೆಲಸವನ್ನು ಎಂಟು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ವಹಿಸಿದೆ. ಹೊರಗಿನ ಕಣ್ಣು ಒಳಗೆ ಬೀಳುವುದು ಒಳ್ಳೆಯದೇ. ಒಮ್ಮೆ ಬಂದು ವರದಿ ಬರೆದು ಹೋದರೆ ಸಾಲದು, ಬರುತ್ತಲೇ ಇರಬೇಕು.

ದೊಡ್ಡ ಮಂದಿರಕ್ಕೆ ಎದುರಾಗಿ ಇನ್ನೊಂದು ದಾರಿ ಅರವತ್ತು ವರ್ಷಗಳ ಹಿಂದೆಯೇ ತೆರೆದುಕೊಂಡಿತ್ತು. 1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಜ್ಯಾಂ ವಾನ್ಯೇ ಎಂಬಾತ ಬುದ್ಧಿಮಾಂದ್ಯ ಗಂಡಸರನ್ನು ಮಂದಿರದಿಂದ ಕರೆತಂದು ತನ್ನ ಜೊತೆ ಒಂದೇ ಮನೆಯಲ್ಲಿ ಇರಿಸಿಕೊಂಡ. ಅಲ್ಲಿ ಹುಟ್ಟಿದ ‘ಲಾರ್ಶ್’ ಸಂಸ್ಥೆಯ ಭಾರತದ ಮೊದಲ ಮನೆ 1970ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು, ಆಶಾನಿಕೇತನ ಎಂಬ ಹೆಸರಿನಲ್ಲಿ. ಮುಂದೆ ಕೋಲ್ಕತ್ತ, ಚೆನ್ನೈ, ಕೇರಳದ ನಂದಿ ಬಜಾರ್‌ಗಳಲ್ಲೂ ಮನೆಗಳಾದವು. ಇಲ್ಲಿರುವವರು ಹೆಚ್ಚಾಗಿ ವಯಸ್ಕರು. ಕೆಲವೇ ಜನ, ಅವರ ಜೊತೆ ಅದೇ ಸೂರಿನಡಿ ಉಂಡು ಮಲಗುವ ಸಹಾಯಕರು. ತರಕಾರಿ ಹೆಚ್ಚುವುದು, ಮೇಣದ ಬತ್ತಿ ಮಾಡುವುದು, ಸಂಜೆ ಪ್ರಾರ್ಥನೆಗೆ ಕೂರುವುದು ಎಲ್ಲವೂ ಒಟ್ಟಿಗೆ. ವಾರ್ಡ್ ಇಲ್ಲ, ಸಮವಸ್ತ್ರ ಇಲ್ಲ. ಯಾರಿಗೆ ಯಾವ ಹಾಡು ಇಷ್ಟ, ಯಾರಿಗೆ ಬದನೆಕಾಯಿ ಸೇರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆರೈಕೆಯ ಮಾದರಿಯಾಗಿ ಇದಕ್ಕೆ ನನ್ನ ಮನಸ್ಸು ಪೂರ್ತಿಯಾಗಿ ಒಪ್ಪುತ್ತದೆ.

ಅದರ ಸಂಸ್ಥಾಪಕನ ವಿಷಯವನ್ನೂ ಮುಚ್ಚಿಡಬಾರದು. ಜಗತ್ತು ಸಂತನೆಂದೇ ಕರೆದಿದ್ದ ವಾನ್ಯೇ 2019ರಲ್ಲಿ ತೀರಿಕೊಂಡ. ಮರುವರ್ಷ ಲಾರ್ಶ್ ಸಂಸ್ಥೆ ತಾನೇ ಮಾಡಿಸಿದ ತನಿಖೆಯ ವರದಿ ಪ್ರಕಟಿಸಿತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಆತ ಹಲವು ಹೆಂಗಸರನ್ನು ಲೈಂಗಿಕವಾಗಿ ದುರುಪಯೋಗ ಮಾಡಿಕೊಂಡಿದ್ದ. ಆ ವರದಿಗೆ ಸಿಕ್ಕ ಸಂತ್ರಸ್ತರು ಬುದ್ಧಿಮಾಂದ್ಯರಲ್ಲದಿದ್ದರೂ ಪಾಠ ಸೇವಾಸಂಸ್ಥೆಗಳೆಲ್ಲಕ್ಕೂ ಅನ್ವಯಿಸುತ್ತದೆ. ಸಂಸ್ಥಾಪಕರ ಸಂತತನ ಮಕ್ಕಳಿಗೆ ರಕ್ಷಣೆ ಕೊಡುವುದಿಲ್ಲ. ತನ್ನ ದೊಡ್ಡವರ ತಪ್ಪನ್ನು ತಾನೇ ತನಿಖೆ ಮಾಡಿಸಿ ಜಗತ್ತಿನ ಮುಂದಿಟ್ಟ ಸಂಸ್ಥೆಯ ಧೈರ್ಯವನ್ನು ನಾನು ಗೌರವಿಸುತ್ತೇನೆ.

ಕೋಲ್ಕತ್ತದಲ್ಲಿ ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿ ನಡೆಸುವ ದಯಾದಾನ್ ಇದೆ. ಅಂಗವೈಕಲ್ಯ, ಬುದ್ಧಿಮಾಂದ್ಯ ಇರುವ, ಯಾರೂ ಇಲ್ಲದ ಮಕ್ಕಳ ಮನೆ ಅದು. ಬೇರೆ ಕಡೆ ಬೇಡವೆನಿಸಿಕೊಂಡ ಮಗುವನ್ನು ಆ ಸಿಸ್ಟರ್‌ಗಳು ಎತ್ತಿಕೊಳ್ಳುತ್ತಾರೆ, ಅವರಲ್ಲಿ ಅನೇಕರು ವರ್ಷಗಟ್ಟಲೆ ಅದೇ ಕೆಲಸದಲ್ಲಿರುತ್ತಾರೆ. ಇದು ಅವರ ದೊಡ್ಡ ಬಲ. ಆದರೆ ಜಗತ್ತಿನ ಮೂಲೆಮೂಲೆಯಿಂ‌ದ ಬರುವ ಸ್ವಯಂಸೇವಕರು ಕೆಲವೇ ವಾರ ಇದ್ದು ಹೋಗುತ್ತಾರೆ. ಬಂದವರ ಪ್ರೀತಿಯಲ್ಲಿ ಕಪಟವಿಲ್ಲ. ಆದರೂ ತಿಂಗಳಿಗೊಬ್ಬರನ್ನು ಹಚ್ಚಿಕೊಂಡು ತಿಂಗಳಿಗೊಬ್ಬರನ್ನು ಕಳೆದುಕೊಳ್ಳುವ ಮಗುವಿನ ಕಡೆಯಿಂದಲೂ ಇದನ್ನು ನೋಡಬೇಕು. ಅಂಥವರು ಬಟ್ಟೆ ಒಗೆಯಲಿ, ಅಂಗಳ ಗುಡಿಸಲಿ, ಆಯಾಗೆ ಬಿಡುವು ಕೊಡಲಿ. ಮಗುವನ್ನು ಮಲಗಿಸುವ, ಉಣಿಸುವ ಕೆಲಸ ಅಲ್ಲೇ ಉಳಿಯುವವರದಾಗಿರಲಿ.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 9ನೇ ಸೆಕ್ಷನ್ ಓದಿದರೆ ಅದನ್ನು ಬರೆದವರಿಗೆ ಈ ಮಕ್ಕಳ ಮನಸ್ಸು ಗೊತ್ತಿತ್ತು ಅನಿಸುತ್ತದೆ. ತಂದೆತಾಯಿಗೆ ಸಾಕಲು ಆಗದಿದ್ದರೆ ಮಗುವನ್ನು ಮೊದಲು ಹತ್ತಿರದ ಬಂಧುಗಳಿಗೆ ಒಪ್ಪಿಸಬೇಕು. ಅದಾಗದಿದ್ದರೆ ಸಮುದಾಯದಲ್ಲೇ ಕುಟುಂಬದ ವಾತಾವರಣದಲ್ಲಿ ಇರಿಸಬೇಕು. ಆಶ್ರಯಧಾಮಕ್ಕೆ ಕಳಿಸುವುದು ಅಪರೂಪದ ಸಂದರ್ಭದಲ್ಲಿ ಮಾತ್ರ. ಕಾಗದದ ಮೇಲಿನ ಈ ಕ್ರಮ ನೆಲದ ಮೇಲೆ ತಲೆಕೆಳಗಾಗಿದೆ. ಬಾಲನ್ಯಾಯ ಕಾಯ್ದೆಯಲ್ಲಿ ಪೋಷಕ ಕುಟುಂಬಕ್ಕೆ ಅವಕಾಶವಿದ್ದರೂ ಬುದ್ಧಿಮಾಂದ್ಯ ಮಗುವನ್ನು ಹಾಗೆ ಒಪ್ಪಿಸಿದ ಉದಾಹರಣೆಗಳು ಬಹಳ ವಿರಳ. ಮಂದಿರಗಳಿರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ, ವಿಶೇಷ ಶಾಲೆ ಮತ್ತು ಮಾಸಾಶನ ಬೇರೆ ಇಲಾಖೆಗಳ ಕೈಯಲ್ಲಿ, ಚಿಕಿತ್ಸೆ ಆರೋಗ್ಯ ಇಲಾಖೆಯದು. ಒಂದು ಮಗುವಿನ ಕಡತ ಇಷ್ಟು ಮೇಜುಗಳನ್ನು ಸುತ್ತಬೇಕು. ಸಂಸ್ಥೆಗಳಿಗೆ ಸಿಗುವ ಅನುದಾನ ತಲೆಗೆ ಇಷ್ಟು ಎಂಬ ಲೆಕ್ಕದ್ದು. ಮಕ್ಕಳ ಸಂಖ್ಯೆ ಇಳಿದರೆ ಹಣ ಇಳಿಯುತ್ತದೆ. ಒಂದು ಮಗುವನ್ನು ಮರಳಿ ಮನೆಗೆ ಸೇರಿಸಿದ ಸಂಸ್ಥೆಗೆ ನಷ್ಟವಾಗುವ ಈ ಪದ್ಧತಿ ಬದಲಾಗಲೇಬೇಕು.

ದತ್ತಿನ ವಿಷಯದಲ್ಲಿ ನಮ್ಮ ಸಮಾಜದ ಮನಸ್ಸು ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. 2022ರ ಮಧ್ಯಭಾಗದಲ್ಲಿ ದತ್ತು ಪ್ರಾಧಿಕಾರದ ಪಟ್ಟಿಯಲ್ಲಿ 28 ಸಾವಿರಕ್ಕೂ ಹೆಚ್ಚು ಅರ್ಜಿದಾರರು ಮಗುವಿಗಾಗಿ ಕಾಯುತ್ತಿದ್ದರು. ದತ್ತಿಗೆ ಸಿದ್ಧವಿದ್ದ ಮಕ್ಕಳು 3,596. ಅವರಲ್ಲಿ 1,380 ಮಂದಿ ವಿಶೇಷ ಅಗತ್ಯದ ಮಕ್ಕಳು. ಅಷ್ಟೊಂದು ಜನ ವರ್ಷಗಟ್ಟಲೆ ಕಾದರೂ ಈ ಮಕ್ಕಳನ್ನು ಕೇಳುವವರು ಕಡಿಮೆ. ಮನೆ ಸಿಕ್ಕವರಲ್ಲಿ ಬಹಳ ಮಂದಿ ಅಮೆರಿಕ, ಇಟಲಿ, ಸ್ಪೇನ್‌ನಂಥ ದೇಶಗಳಿಗೆ ಹೋಗುತ್ತಾರೆ. ವಿಶೇಷ ಅಗತ್ಯ ಎಂದಾಕ್ಷಣ ಎಲ್ಲರದೂ ತೀವ್ರ ಬುದ್ಧಿಮಾಂದ್ಯವಲ್ಲ. ಕೆಲವರ ತೊಂದರೆ ಒಂದು ಶಸ್ತ್ರಚಿಕಿತ್ಸೆಯಿಂದ, ಕೆಲವರದು ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಶಿಶುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮೊದಲ ವಾರಗಳಲ್ಲೇ ಪತ್ತೆ ಹಚ್ಚಿದರೆ ಬುದ್ಧಿಮಾಂದ್ಯವನ್ನು ತಡೆಯಬಹುದು. ಬಿಟ್ಟುಹೋದ ಕೂಸಿಗೆ ಆ ಪರೀಕ್ಷೆ ಮಾಡಿಸುವವರು ಯಾರು ಎಂಬುದೇ ಪ್ರಶ್ನೆ. ಪ್ರತಿ ದತ್ತು ಸಂಸ್ಥೆಯಲ್ಲೂ ಇದು ಕಡ್ಡಾಯವಾಗಲಿ.

ಹದಿನೆಂಟು ತುಂಬಿದ ದಿನ ಇನ್ನೊಂದು ಕಂದಕ ಎದುರಾಗುತ್ತದೆ. ಬಾಲನ್ಯಾಯ ಕಾಯ್ದೆಯ ಪಾಲನೆ ಅಲ್ಲಿಗೆ ಮುಗಿಯಿತು. ಮುಂದಿನ ಕೆಲವು ವರ್ಷಗಳ ನೆರವಿನ ಉದ್ದೇಶ ಹುಡುಗ ಹುಡುಗಿಯರು ಕೆಲಸ ಕಲಿತು ತಮ್ಮ ಕಾಲ ಮೇಲೆ ನಿಲ್ಲಲಿ ಎಂಬುದು. ಸ್ನಾನಕ್ಕೂ ಇನ್ನೊಬ್ಬರ ಆಸರೆ ಬೇಕಾದವರಿಗೆ ಅದರಿಂದ ಏನೂ ಸಿಗದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹುಟ್ಟಿದ್ದೇ ಇಂಥವರಿಗಾಗಿ. ಜಿಲ್ಲಾಧಿಕಾರಿಯನ್ನೊಳಗೊಂಡ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ‘ಘರೌಂದಾ’ ಎಂಬುದು ಜೀವನಪೂರ್ತಿ ಇರಬಹುದಾದ ಸಮೂಹ ಮನೆಗಳ ಯೋಜನೆ. ವಿಚಾರ ಒಳ್ಳೆಯದು, ಮನೆಗಳು ಬೆರಳೆಣಿಕೆಯಷ್ಟು. ಆದ್ದರಿಂದ ಹತ್ತು ವರ್ಷ ಒಂದೇ ಕಡೆ ಬೆಳೆದ ಹುಡುಗಿ ಹದಿನೆಂಟಕ್ಕೆ ಯಾರೂ ಗೊತ್ತಿಲ್ಲದ ಇನ್ನೊಂದು ಮಂದಿರಕ್ಕೆ ಸಾಗಬೇಕಾಗುತ್ತದೆ. ಒಳ್ಳೆಯ ಸೇವಾಸಂಸ್ಥೆಗಳು ಈ ತೊಂದರೆಯನ್ನು ಬಲ್ಲವು. ಮಕ್ಕಳ ಮನೆಯ ಪಕ್ಕದಲ್ಲೇ ದೊಡ್ಡವರಿಗೊಂದು ಮನೆ ಮಾಡಿ, ಅದೇ ಆಯಾ, ಅದೇ ಬೀದಿ, ಅದೇ ಅಂಗಡಿಯ ಪರಿಚಯ ಉಳಿಯುವಂತೆ ನೋಡಿಕೊಳ್ಳುತ್ತವೆ. ಹಿಂದೆ ಡೌನ್ ಸಿಂಡ್ರೋಮ್ ಇದ್ದವರು ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದರು, ಈಗ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಐವತ್ತು ಅರವತ್ತರವರೆಗೆ ಬದುಕುತ್ತಾರೆ. ನಾಲ್ವತ್ತು ಐವತ್ತರಲ್ಲೇ ಅವರಲ್ಲಿ ಅನೇಕರಿಗೆ ಮರೆವಿನ ಕಾಯಿಲೆ ಶುರುವಾಗುತ್ತದೆ. ಒಂದು ಮಗುವನ್ನು ಒಳಗೆ ಕರೆದುಕೊಳ್ಳುವ ಸಂಸ್ಥೆ ಅರವತ್ತು ವರ್ಷಗಳ ಹೊಣೆ ಹೊರುತ್ತಿದೆ ಎಂದೇ ಅರ್ಥ.

ಆ ಹೊಣೆಗೆ ನಾವು ಕೊಡುವ ನೆರವು ಎಂಥದು? ಹುಟ್ಟುಹಬ್ಬಕ್ಕೊಂದು ಊಟ, ಪುಣ್ಯತಿಥಿಗೆ ಹಣ್ಣು ಬ್ರೆಡ್ಡು, ದೀಪಾವಳಿಗೆ ಹೊಸ ಬಟ್ಟೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಕಟ್ಟಡ ಏಳುತ್ತದೆ, ವ್ಯಾನ್ ಬರುತ್ತದೆ, ಗೋಡೆಗೆ ಹೆಸರಿನ ಫಲಕ ಬೀಳುತ್ತದೆ. ಸಂಬಳಕ್ಕೆ ಹಣ ಕೇಳಿದರೆ ಮಾತ್ರ ಅದು ಆಡಳಿತ ವೆಚ್ಚ ಎಂದು ದಾನಿಗಳು ಹಿಂದೆ ಸರಿಯುತ್ತಾರೆ. ಈ ಮಕ್ಕಳ ವಿಷಯದಲ್ಲಿ ಆಯಾಳ ಸಂಬಳವೇ ಸೇವೆ. ಊಟ, ಔಷಧ, ಪಾಠ, ಮಮತೆ ಎಲ್ಲವೂ ಅವಳ ಕೈಯಿಂದಲೇ ಹೋಗಬೇಕು. ಪಕ್ಕದ ಗಾರ್ಮೆಂಟ್ಸ್‌ನಲ್ಲಿ ಸಾವಿರ ರೂಪಾಯಿ ಹೆಚ್ಚು ಸಿಗುತ್ತದೆಂದು ಅವಳು ಬಿಟ್ಟುಹೋದ ದಿನ, ಅವಳನ್ನೇ ನೆಚ್ಚಿಕೊಂಡಿದ್ದ ಮಗು ಇನ್ನೊಮ್ಮೆ ಅನಾಥವಾಗುತ್ತದೆ. ಅವಳಿಗೆ ಪಿಎಫ್ ಇದೆಯೇ, ವಾರದ ರಜೆ ಇದೆಯೇ, ಮಗುವಿಗೆ ಉಣಿಸುವ ತರಬೇತಿ ಸಿಕ್ಕಿದೆಯೇ ಎಂಬುದನ್ನು ನೋಡಿ ಸಂಸ್ಥೆಯ ಯೋಗ್ಯತೆ ಅಳೆಯಬೇಕೆನ್ನುವುದು ನನ್ನ ಖಚಿತ ಅಭಿಪ್ರಾಯ.

ನಿಮ್ಮೂರಿನ ಇಂಥ ಮನೆಗೆ ಮುಂದಿನ ಸಲ ಹೋದಾಗ ಅಲ್ಲಿನ ಆಯಾಗಳು ಎಷ್ಟು ವರ್ಷದಿಂದ ಇದ್ದಾರೆ, ಒಬ್ಬೊಬ್ಬರಿಗೆ ಎಷ್ಟು ಮಕ್ಕಳು ಎಂದು ಕೇಳಿ. ಉತ್ತರ ಸಮಾಧಾನಕರವಾಗಿದ್ದರೆ ಒಂದು ದಿನದ ಊಟದ ಬದಲು ಒಬ್ಬ ಆಯಾಳ ಸಂಬಳದ ಒಂದು ಪಾಲನ್ನು ಪ್ರತಿ ತಿಂಗಳೂ ಕೊಡಲು ಒಪ್ಪಿಕೊಳ್ಳಿ, ಅದು ಸಂಬಳಕ್ಕೇ ಎಂದು ರಸೀದಿಯಲ್ಲಿ ಬರೆಸಿ. ಒಬ್ಬರಿಂದ ಆಗದಿದ್ದರೆ ನಾಲ್ಕು ಮನೆಯವರು ಸೇರಿ ಕೊಡಿ. ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಕಂಡದ್ದನ್ನು ಕಂಡಹಾಗೆ ಬರೆದು ತಿಳಿಸಿ.